ಹಂಚಿನ ಮಾಡು ಮತ್ತು ಶ್ರಾವಕನ ವಿವೇಕ

ವ್ಯಾಪಾರ ಮಾಡುವ ಶ್ರಾವಕನು ಅಚೌರ್ಯಾಣುವ್ರತದ ಅತಿಚಾರಗಳನ್ನು ಚಿಕ್ಕಂದಿನಿಂದಲೇ ಕೇಳಿ ತಿಳಿದಿರುತ್ತಾನೆ. ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡಬಾರದು, ಒಳ್ಳೆಯ ಸರಕಿನಲ್ಲಿ ಕೀಳು ಸರಕನ್ನು ಬೆರೆಸಬಾರದು, ಕಳವಿನ ಮಾಲನ್ನು ಕೊಳ್ಳಬಾರದು. ಇಷ್ಟನ್ನು ಪಾಲಿಸಿದರೆ ತನ್ನ ಅಂಗಡಿ ಶುದ್ಧವೆಂದು ಅವನು ನೆಮ್ಮದಿಯಿಂದಿರುತ್ತಾನೆ. ಕುಂದಾಪುರದಲ್ಲಿ ಕಟ್ಟಡ ಸಾಮಗ್ರಿಗಳ ವ್ಯಾಪಾರ ಮಾಡುತ್ತಿದ್ದ ನಾನೂ ಬಹುಕಾಲ ಹೀಗೆಯೇ ಇದ್ದೆ. ಆದರೆ ಮಾರುವ ವಸ್ತು ಹೇಗೆ ರೂಪುಗೊಂಡಿತು, ಎಷ್ಟು ಕಾಲ ಬಾಳುತ್ತದೆ, ಬಾಳಿ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳೂ ವ್ರತಕ್ಕೆ ಸಂಬಂಧಿಸಿದವೇ ಎಂಬುದನ್ನು ನನಗೆ ಕಲಿಸಿದ್ದು ಒಂದು ಹಂಚಿನ ಮಾಡು.

ನಮ್ಮ ಕರಾವಳಿಗೆ ಈ ಹಂಚು ಬಂದ ಬಗೆ ಎಲ್ಲರಿಗೂ ತಿಳಿದದ್ದೇ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಅವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಅಲ್ಲಿಂದ ಈ ಉದ್ಯಮ ಕರಾವಳಿಯುದ್ದಕ್ಕೂ ಹಬ್ಬಿತು. ಮಲ್ಪೆಯಲ್ಲಿ ಕಾರ್ಖಾನೆಯಾಯಿತು, ಆವೆಮಣ್ಣೂ ದೋಣಿಯ ಸೌಕರ್ಯವೂ ಇದ್ದ ಕುಂದಾಪುರದ ನದಿದಂಡೆಗಳಲ್ಲಿಯೂ ಹೊಗೆಕೊಳವೆಗಳು ಎದ್ದವು. ‘ಮಂಗಳೂರು ಹಂಚು’ ಎಂಬ ಹೆಸರಿನಲ್ಲಿ ಈ ಸರಕು ಸಮುದ್ರ ದಾಟಿ ದೂರದೇಶಗಳಿಗೂ ಹೋಯಿತು. ಮುಂದೆ ಕಟ್ಟಿಗೆಯ ಬೆಲೆ ಏರಿತು, ಮಣ್ಣು ದುರ್ಲಭವಾಯಿತು, ಜನರು ಕಾಂಕ್ರೀಟಿನ ತಾರಸಿಗೆ ಒಲಿದರು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿಹೋದವು.

ಈ ಹಂಚಿನ ವಿನ್ಯಾಸವನ್ನು ಸ್ವಲ್ಪ ಪರಿಶೀಲಿಸಬೇಕು. ಒಂದರ ಅಂಚು ಇನ್ನೊಂದರ ಗಾಡಿಯೊಳಗೆ ಕೂರುತ್ತದೆ. ಕೆಳಗಿನ ಕೊಕ್ಕೆ ರೀಪನ್ನು ಹಿಡಿದುಕೊಳ್ಳುತ್ತದೆ. ಸಾಮಾನ್ಯವಾಗಿ ಮೊಳೆಯೂ ಬೇಡ, ಗಾರೆಯೂ ಬೇಡ. ಒಂದು ಒಡೆದರೆ ಅದೊಂದನ್ನೇ ತೆಗೆದು ಬೇರೊಂದನ್ನು ಇಡಬಹುದು. ಉಳಿದವುಗಳಿಗೆ ಏನೂ ಆಗದು. ಮನೆಯನ್ನು ಕಳಚಿದರೆ ಹಂಚನ್ನು ಎಣಿಸಿ ಇನ್ನೊಂದು ಮನೆಗೆ ಸಾಗಿಸಬಹುದು. ಒಡೆದ ಚೂರು ಅಂಗಳದ ತಗ್ಗಿಗೆ ಬೀಳುತ್ತದೆ. ಇಂದು ವಸ್ತುವಿನ ಪೂರ್ಣಾಯುಷ್ಯವನ್ನು ಗಮನಿಸಿ ವಿನ್ಯಾಸ ಮಾಡಬೇಕೆಂದು ನಿರ್ವಹಣಶಾಸ್ತ್ರದ ಪಂಡಿತರು ಹೇಳುತ್ತಾರೆ. ಆ ಮಾತು ಹುಟ್ಟುವ ಮೊದಲೇ ಈ ಹಂಚು ಅದನ್ನು ಪಾಲಿಸುತ್ತಿತ್ತು.

2011ರಲ್ಲಿ ಬ್ರಹ್ಮಾವರ ಸೀಮೆಯ ಒಂದು ಬಸದಿಯ ಭೋಜನಶಾಲೆಯ ಮಾಡು ಸೋರತೊಡಗಿತು. ಇಪ್ಪತ್ತು ಚದರದ ಮಾಡು. ಚದರಕ್ಕೆ ಸುಮಾರು 150ರಂತೆ ಮೂರು ಸಾವಿರ ಹಂಚು. ಟ್ರಸ್ಟಿನ ಹಿರಿಯರು ನನ್ನನ್ನು ಕರೆಸಿ, “ನೀವು ಶಾಸ್ತ್ರವನ್ನೂ ಬಲ್ಲವರು, ವ್ಯಾಪಾರವನ್ನೂ ಬಲ್ಲವರು. ಏನು ಮಾಡುವುದೆಂದು ನೀವೇ ಹೇಳಬೇಕು” ಎಂದರು. ನಾನು ಉಕ್ಕಿನ ತಗಡನ್ನು ಹೊದಿಸಲು ಹೇಳಿದೆ. ನೂರು ಚದರಡಿಗೆ ಹಂಚಿನ ಭಾರ ಮುನ್ನೂರೈವತ್ತು ಕಿಲೋಗೂ ಮಿಕ್ಕಿದ್ದರೆ ತಗಡಿನ ಭಾರ ನಲವತ್ತು ಕಿಲೋ ಕೂಡ ಇಲ್ಲವೆಂದು ಲೆಕ್ಕ ತೋರಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ವ್ಯಾಪಾರದ ಮಾತಾಗುತ್ತಿತ್ತು. ನಾನು ಧರ್ಮವನ್ನೂ ಸಾಕ್ಷಿಗೆ ಕರೆದೆ. ಆಚಾರ್ಯ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಶ್ರಾವಕನಿಗೆ ವರ್ಜ್ಯವೆಂದ ಅಂಗಾರಜೀವಿಕೆಯಲ್ಲಿ ಕುಂಬಾರಿಕೆಯೂ ಇಟ್ಟಿಗೆ ಸುಡುವುದೂ ಸೇರಿವೆ, ಆದ್ದರಿಂದ ಸುಟ್ಟ ಮಣ್ಣಿನ ಹಂಚಿಗಿಂತ ತಗಡು ಮೇಲು ಎಂದು ವಾದಿಸಿದೆ. ಸಭೆ ಒಪ್ಪಿತು. ತಗಡನ್ನು ನನ್ನ ಅಂಗಡಿಯಿಂದಲೇ ಕಳುಹಿಸಿದೆ; ಲಾಭವನ್ನೂ ಪಡೆದೆ.

ಆ ವರ್ಷದ ದಶಲಕ್ಷಣ ಪರ್ವದಲ್ಲಿ ಅದೇ ಶಾಲೆಯಲ್ಲಿ ಪ್ರವಚನ ನಡೆಯಿತು. ಭಾದ್ರಪದದ ಮಳೆ ಸುರಿಯಿತು. ತಗಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಉತ್ತಮ ಕ್ಷಮೆಯ ವಿಚಾರ ಮೊದಲ ಸಾಲಿನವರಿಗೂ ಕೇಳಿಸಲಿಲ್ಲ. ಮರುವರ್ಷ ಧ್ವನಿವರ್ಧಕ ಬಂತು. ಬೇಸಿಗೆಯ ಕಾವಿಗೆ ಎಂಟು ಫ್ಯಾನುಗಳು ಬಂದವು, ಅದರ ಹಿಂದೆಯೇ ಒಳಮಾಳಿಗೆಯೂ ಬಂತು. ಕಡಲಿನ ಉಪ್ಪುಗಾಳಿಗೆ ಹತ್ತು ವರ್ಷಗಳಲ್ಲಿ ಸ್ಕ್ರೂಗಳ ಸುತ್ತ ತುಕ್ಕು ಹಿಡಿಯಿತು. ಒಂದು ನಿರ್ಣಯದ ದೋಷವನ್ನು ಮುಚ್ಚಲು ನಾಲ್ಕು ವಸ್ತುಗಳನ್ನು ಕೊಂಡೆವು. ಅವುಗಳಲ್ಲಿ ಕೆಲವನ್ನು ಮಾರಿದವನೂ ನಾನೇ.

ಇಳಿಸಿದ ಹಂಚನ್ನು ಬೈಂದೂರಿನ ಕಡೆಯ ಒಬ್ಬ ರೈತರು ಅಗ್ಗದ ಬೆಲೆಗೆ ಒಯ್ದಿದ್ದರು. ಕೆಲವು ವರ್ಷಗಳ ಮೇಲೆ ಬಾಕಿ ವಸೂಲಿಗೆಂದು ಆ ಊರಿಗೆ ಹೋದಾಗ ಅವರ ಹಟ್ಟಿಯಲ್ಲಿ ಮಳೆಗೆ ನಿಂತೆ. ಒಂದು ಹನಿಯೂ ಒಳಗೆ ಬೀಳಲಿಲ್ಲ. ಅದೇ ಹಂಚು, ಅದೇ ಮುದ್ರೆ. ಹೊಸದಾಗಿದ್ದುದು ಕೆಳಗಿನ ಪಕ್ಕಾಸು ಮತ್ತು ರೀಪು ಮಾತ್ರ. ಅವರು ನನ್ನ ಮುಖ ನೋಡಿ, “ಹಂಚಿಗೆ ಎಂತ ಆಯ್ತ್ ಅಂದೇಳಿ ತೆಗ್ದ್ರಿ ಮಾರಾಯ್ರೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸೋರಿಕೆಗೆ ಕಾರಣ ಗೆದ್ದಲು ತಿಂದು ಬಾಗಿದ ಮರ, ಹಂಚಲ್ಲ. ಅದನ್ನು ನೋಡಲು ಯಾರೂ ಮಾಡಿಗೆ ಹತ್ತಿರಲಿಲ್ಲ. ನಾನು ಹತ್ತಿಸಿಯೂ ಇರಲಿಲ್ಲ.

ಮನೆಗೆ ಬಂದು ಗ್ರಂಥವನ್ನು ಮತ್ತೆ ತೆರೆದೆ. ಹೇಮಚಂದ್ರರು ಇಟ್ಟಿಗೆಯ ಭಟ್ಟಿಯನ್ನು ಹೇಳಿದ ಅದೇ ಶ್ಲೋಕದಲ್ಲಿ ಕಬ್ಬಿಣದ ಕೆಲಸವನ್ನೂ ಹೇಳಿದ್ದಾರೆ. ನನಗೆ ಬೇಕಾದ ಅರ್ಧವನ್ನು ಓದಿ, ಬೇಡವಾದ ಅರ್ಧವನ್ನು ನಾನು ಬಿಟ್ಟಿದ್ದೆ. ಹಂಚಿನ ಭಟ್ಟಿಯ ಹೊಗೆಯನ್ನು ಕುಂದಾಪುರದಲ್ಲಿ ಕಣ್ಣಾರೆ ಕಂಡಿದ್ದೆ. ಉಕ್ಕಿನ ಕುಲುಮೆ ನನ್ನ ಕಣ್ಣಿಗೆ ಬೀಳದಷ್ಟು ದೂರದಲ್ಲಿತ್ತು. ಒಂದು ಟನ್ ಉಕ್ಕಿಗೆ ಜಗತ್ತಿನ ಸರಾಸರಿಯಲ್ಲಿ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಕಾಣದ ಬೆಂಕಿಯೂ ಬೆಂಕಿಯೇ. ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಮೂರೂ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಹೇಳುವಾಗ ದೂರದ ವಿನಾಯಿತಿಯನ್ನು ಎಲ್ಲಿಯೂ ಕೊಟ್ಟಿಲ್ಲ.

ಹಾಗೆಂದು ಹೊಸ ಹಂಚು ನಿರ್ದೋಷಿಯಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನು ವಿವರಿಸುತ್ತ, ನಿಷ್ಫಲವಾಗಿ ನೆಲ, ನೀರು, ಬೆಂಕಿ, ಗಾಳಿಗಳಲ್ಲಿ ಆರಂಭ ಮಾಡುವುದನ್ನೂ ಸಸ್ಯಚ್ಛೇದವನ್ನೂ ಅನರ್ಥದಂಡವೆಂದು ಎಣಿಸಿದ್ದಾರೆ. ಹಂಚಿಗೆ ಈ ಐದೂ ಬೇಕು: ಮಣ್ಣನ್ನು ಅಗೆಯಬೇಕು, ನೀರಿನಲ್ಲಿ ಕಲಸಬೇಕು, ಗಾಳಿಯಲ್ಲಿ ಒಣಗಿಸಬೇಕು, ಮರ ಕಡಿದು ಬೆಂಕಿಯಲ್ಲಿ ಸುಡಬೇಕು. ಆದರೆ ಆಚಾರ್ಯರ ಮಾತಿನ ಜೀವಾಳವಿರುವುದು ‘ನಿಷ್ಫಲ’ ಎಂಬಲ್ಲಿ. ಗೃಹಸ್ಥನು ಸ್ಥಾವರ ಜೀವಗಳ ಹಿಂಸೆಯನ್ನು ಸಂಪೂರ್ಣವಾಗಿ ಬಿಡಲಾರ. ಅದನ್ನು ನಿಷ್ಫಲವಾಗಲು ಬಿಡದಿರಬಲ್ಲ. ಆ ಮೂರು ಸಾವಿರ ಹಂಚುಗಳ ಹಿಂಸೆ ನನ್ನ ಹಿರಿಯರ ಕಾಲದಲ್ಲಿಯೇ ಆಗಿಹೋಗಿತ್ತು. ಅವು ಇನ್ನೂ ಮಳೆಯನ್ನು ತಡೆಯುತ್ತಿರುವಾಗ ಇಳಿಸಲು ಹೇಳಿದ ನಾನು ಹಳೆಯ ಹಿಂಸೆಯನ್ನು ವ್ಯರ್ಥ ಮಾಡಿ ಹೊಸ ಹಿಂಸೆಯನ್ನು ಆರಂಭಿಸಿದೆ. ಅದನ್ನು ಸಫಲವಾಗಿಸಿದವರು ಬೈಂದೂರಿನ ಆ ರೈತರು.

ವಾಣಿಜ್ಯ ಪದವಿಗೆ ಓದುವಾಗ ಸವಕಳಿಯ ಲೆಕ್ಕವನ್ನು ಕಲಿತಿದ್ದೆ. ವರ್ಷವರ್ಷವೂ ಬೆಲೆ ಇಳಿಯುತ್ತ ಕೊನೆಗೆ ಪುಸ್ತಕದಲ್ಲಿ ವಸ್ತು ಸೊನ್ನೆಯಾಗುತ್ತದೆ. ಟ್ರಸ್ಟಿನ ಪುಸ್ತಕದಲ್ಲಿಯೂ ಆ ಮಾಡು ಎಂದೋ ಸೊನ್ನೆಯಾಗಿತ್ತು. ಪುಸ್ತಕದ ಸೊನ್ನೆಯನ್ನು ವಸ್ತುವಿನ ಸೊನ್ನೆಯೆಂದು ಭಾವಿಸಿದ್ದೇ ನಮ್ಮ ತಪ್ಪು.

ಕಷ್ಟಗಳಿಲ್ಲವೆಂದು ಹೇಳಲಾರೆ. ಹಂಚು ಹೊದಿಸುವ ಕೆಲಸ ಬಲ್ಲವರು ಈಗ ವಿರಳ. ಮಂಗಗಳ ಕಾಟವಿದೆ. ವರ್ಷಕ್ಕೊಮ್ಮೆ ಮಳೆಗಾಲದ ಮೊದಲು ಮಾಡನ್ನು ಗುಡಿಸಿ ಸರಿಪಡಿಸಲೇಬೇಕು, ಆಗ ಇರುವೆ, ಹಲ್ಲಿಗಳನ್ನು ಜತನದಿಂದ ನೋಡಬೇಕು. ಕೆಲವು ಕಟ್ಟಡಗಳಿಗೆ ತಗಡೇ ಸರಿಯಾಗಬಹುದು. ನಾನು ಹೇಳುವುದು ಇಷ್ಟೇ: ನಿರ್ಣಯಕ್ಕೆ ಮೊದಲು ಪರೀಕ್ಷೆ ನಡೆಯಲಿ. ಸಂರಂಭ, ಸಮಾರಂಭ, ಆರಂಭ ಎಂದು ಸೂತ್ರಕಾರರು ಮೂರು ಹಂತಗಳನ್ನು ಹೇಳಿದ್ದಾರೆ: ಸಂಕಲ್ಪ, ಸಾಮಗ್ರಿಗಳ ಸಂಗ್ರಹ, ಕಾರ್ಯದ ತೊಡಗುವಿಕೆ. ನಾವು ಎಚ್ಚರವಹಿಸುವುದು ಮೂರನೆಯದರಲ್ಲಿ. ಆದರೆ ವಸ್ತುವಿನ ಹಿಂಸೆಯ ಬಹುಭಾಗ ಮೊದಲನೆಯದರಲ್ಲಿ, ಅದರ ವಿನ್ಯಾಸವನ್ನು ನಿಶ್ಚಯಿಸುವ ಗಳಿಗೆಯಲ್ಲಿ, ತೀರ್ಮಾನವಾಗಿರುತ್ತದೆ.

2022ರಲ್ಲಿ ಅದೇ ಬಸದಿಯ ಅತಿಥಿಗೃಹದ ಮಾಡಿನ ವಿಚಾರ ಬಂದಾಗ ನಾನು ಸಭೆಯಲ್ಲಿ ಎದ್ದು ನನ್ನ ಹಳೆಯ ತಪ್ಪನ್ನು ಹೇಳಿಕೊಂಡೆ. ಮೊದಲು ಮರವನ್ನು ಪರೀಕ್ಷಿಸಿದೆವು. ಕೆಟ್ಟ ಪಕ್ಕಾಸುಗಳನ್ನು ಬದಲಿಸಿ, ಒಡೆದ ಹಂಚುಗಳ ಸ್ಥಾನಕ್ಕೆ ಕಳಚಿದ ಮನೆಗಳಿಂದ ತಂದ ಹಳೆಯ ಹಂಚುಗಳನ್ನು ಹೊದಿಸಿದೆವು. ನನ್ನ ಅಂಗಡಿಗೆ ಹೆಚ್ಚಿನ ವ್ಯಾಪಾರವೇನೂ ಆಗಲಿಲ್ಲ. ಆ ವರ್ಷ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶದಲ್ಲಿ ನಿಷಿದ್ಧವಾದಾಗ ಭೋಜನಶಾಲೆಯ ಕ್ರಮವನ್ನೂ ಇದೇ ದೃಷ್ಟಿಯಿಂದ ತಿದ್ದಿದೆವು: ದಿನಬಳಕೆಗೆ ತೊಳೆದಿಡುವ ಸ್ಟೀಲಿನ ತಟ್ಟೆ, ಉತ್ಸವಗಳಿಗೆ ಚೆನ್ನಾಗಿ ಒಣಗಿದ ಅಡಕೆಹಾಳೆಯ ತಟ್ಟೆ.

ಲೇಶ್ಯೆಗಳನ್ನು ತಿಳಿಸಲು ನಮ್ಮವರು ನೇರಳೆಮರದ ಕೆಳಗಿನ ಆರು ಮಂದಿಯ ದೃಷ್ಟಾಂತವನ್ನು ಹೇಳುತ್ತಾರೆ. ಹಸಿದವರಲ್ಲಿ ಒಬ್ಬನು ಮರವನ್ನು ಬುಡಸಮೇತ ಕಡಿಯೋಣವೆನ್ನುತ್ತಾನೆ. ಶುಕ್ಲಲೇಶ್ಯೆಯವನು ಉದುರಿದ ಹಣ್ಣನ್ನೇ ಆರಿಸಿಕೊಳ್ಳುತ್ತಾನೆ. ಅಡಕೆಮರ ತಾನಾಗಿ ಉದುರಿಸಿದ ಹಾಳೆಯ ತಟ್ಟೆಯನ್ನು ಪಂಕ್ತಿಯಲ್ಲಿ ಇಡುವಾಗ ಆ ಆರನೆಯವನ ನೆನಪಾಗುತ್ತದೆ. ಹಸಿವು ಆರು ಮಂದಿಗೂ ಒಂದೇ ಆಗಿತ್ತು. ಪಕ್ಕದ ಅತಿಥಿಗೃಹದ ಹಳೆಯ ಹಂಚಿನ ಮೇಲೆ ಮಳೆ ಮೆಲ್ಲನೆ ಬೀಳುತ್ತಿರುವಾಗ, ಭೋಜನಶಾಲೆಯ ತಗಡು ಇಂದಿಗೂ ದೊಡ್ಡ ಸದ್ದು ಮಾಡುತ್ತದೆ. ಆ ಸದ್ದನ್ನು ನಾನು ಪ್ರತಿಕ್ರಮಣದಂತೆ ಕೇಳಿಸಿಕೊಳ್ಳುತ್ತೇನೆ.