ಹೆಬ್ಬೆರಳು ತೆಗೆದ ಮೇಲಷ್ಟೇ ಮಟ್ಟ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿ ಬೋಧನಾಭ್ಯಾಸ ನಡೆಸುವಾಗ ಎಂಟನೇ ತರಗತಿಯ ‘ಬಲ ಮತ್ತು ಒತ್ತಡ’ ಘಟಕ ನನ್ನ ಪಾಲಿಗೆ ಬಂತು. ದ್ರವದ ಒತ್ತಡದ ಮಾತು ಬಂದಾಗ ಮಕ್ಕಳು ಒಂದೇ ದನಿಯಲ್ಲಿ ಹೇಳಿದರು: “ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ.” ಪಾಠಯೋಜನೆಯಲ್ಲಿ ‘ನಿರೀಕ್ಷಿತ ಉತ್ತರ’ ಎಂದು ಬರೆಯಲು ಆ ವಾಕ್ಯ ಸಾಕು. ಆದರೆ ಅದರಲ್ಲಿ ಗಾಳಿಯ ಸುದ್ದಿಯೇ ಇಲ್ಲ.

ಬೋಧನೋಪಕರಣವಾಗಿ ನಾನು ಒಯ್ದಿದ್ದು ಗಾರೆ ಕೆಲಸದವರು ಗೋಡೆಯ ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪು. ಒಂದು ತುದಿ ಕಿಟಕಿಯ ಹತ್ತಿರ, ಇನ್ನೊಂದು ಬಾಗಿಲ ಹತ್ತಿರ. ನಡುವೆ ಪೈಪು ಹೇಗೇ ಸುತ್ತಿಕೊಂಡಿರಲಿ, ಎರಡೂ ಕಡೆ ನೀರು ಸಮವಾಗಿ ನಿಂತಿತು. ಆಮೇಲೆ ಒಂದು ತುದಿಗೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಂದನ್ನು 10 ಸೆಂ.ಮೀ. ಮೇಲೆತ್ತಿಸಿದೆ. ಈ ಸಲ ನೀರು ಸಮವಾಗಲಿಲ್ಲ.

“ಪೈಪಲ್ಲಿ ಕಸ ಸಿಕ್ಕೈತೆ” ಎಂದ ಒಬ್ಬ. ಅಲ್ಲಿಯವರೆಗೆ ಮಾತಾಡದಿದ್ದ ಹಿಂದಿನ ಸಾಲಿನ ಹುಡುಗಿ ಹೇಳಿದಳು: “ಬೆರಳು ತೆಗೀರಿ ಮಿಸ್. ನಮ್ಮಪ್ಪ ಪೈಪು ಹಿಡ್ಕೊಂಡು ಓಡಾಡೋವಾಗ ನೀರು ಚೆಲ್ಲಬಾರ್ದು ಅಂತ ಮುಚ್ಕೊಂತಾರೆ. ಗುರುತು ಹಾಕೋವಾಗ ಎರಡೂ ಕಡೆ ತೆಗೀತಾರೆ.”

“ಯಾಕೆ?”

“ಗಾಳಿ ಆಡ್ಬೇಕು ಮಿಸ್.”

ಬೆರಳು ತೆಗೆದೆ. ನೀರು ಸರಿದು ಸಮವಾಯಿತು. ವಿವರಣೆಯನ್ನು ಅವಳ ಮಾತಿನಿಂದಲೇ ಶುರುಮಾಡಿದೆ. ಪೈಪಿನ ತಳದ ಬಿಂದುವನ್ನು ಎರಡೂ ಕಡೆಯಿಂದ ಒತ್ತುವುದು ನೀರು ಮಾತ್ರವಲ್ಲ, ಅದರ ಮೇಲಿನ ಗಾಳಿಯೂ ಹೌದು. ಎರಡೂ ತುದಿ ತೆರೆದಿದ್ದರೆ ಗಾಳಿಯ ಒತ್ತಡ ಸಮ. ಆದ್ದರಿಂದ ನೀರಿನ ಎತ್ತರವೂ ಸಮ. ಬೆರಳು ಮುಚ್ಚಿದಾಗ ಒಳಗೆ ಸಿಕ್ಕಿಕೊಂಡ ಗಾಳಿ ತುಸು ಕುಗ್ಗಿ ಹೆಚ್ಚು ಒತ್ತುತ್ತದೆ. ಆಚೆ ಬದಿಯ ಹೆಚ್ಚುವರಿ ನೀರು ಅದಕ್ಕೆ ಸರಿದೂಗುತ್ತದೆ.

ಕಪ್ಪುಹಲಗೆಯ ಮೇಲೆ ಲೆಕ್ಕವನ್ನೂ ಹಾಕಿದೆವು. 10 ಸೆಂ.ಮೀ. ನೀರಿನ ಒತ್ತಡ ಸುಮಾರು 980 ಪ್ಯಾಸ್ಕಲ್. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 1,01,300 ಪ್ಯಾಸ್ಕಲ್. ಅಂದರೆ ನೂರರಲ್ಲಿ ಒಂದು ಪಾಲು. ಬೆರಳಿನ ಕೆಳಗೆ 20 ಸೆಂ.ಮೀ. ಗಾಳಿ ಇದ್ದರೆ ಅದು ಕುಗ್ಗುವುದು 2 ಮಿ.ಮೀ. ಮಾತ್ರ. ಗಾಳಿ ಕುಗ್ಗಿದ್ದು ಕಣ್ಣಿಗೆ ಬೀಳುವುದೇ ಕಷ್ಟ. ನೀರಿನ ವ್ಯತ್ಯಾಸ ಮಾತ್ರ ಗೇಣಿನ ಅರ್ಧದಷ್ಟು. ಮಕ್ಕಳು ಗಾಳಿಯನ್ನು ಮರೆಯುವುದಕ್ಕೆ ಇದೂ ಒಂದು ಕಾರಣವಿರಬೇಕು.

ಮೌಲ್ಯಮಾಪನಕ್ಕೆ ‘ನೀರು ತನ್ನ ____ ಕಂಡುಕೊಳ್ಳುತ್ತದೆ’ ಎಂಬ ಬಿಟ್ಟ ಸ್ಥಳವನ್ನು ಕೈಬಿಟ್ಟು ಹೀಗೆ ಕೇಳಿದೆ: “ಒಂದು ತುದಿಯ ಬೆರಳು ತೆಗೆಯದೆ ಗುರುತು ಹಾಕಿದರೆ ಗೋಡೆ ಏನಾದೀತು? ಏಕೆ?” ಗೋಡೆ ಓರೆಯಾಗುತ್ತದೆ ಎಂದು ಬಹುತೇಕರು ಬರೆದರು, ‘ಏಕೆ’ ಎಂಬುದಕ್ಕೆ ಗಾಳಿಯನ್ನು ಹೆಸರಿಸಿದವರು ಕಡಿಮೆ. ಮರುದಿನದ ಪಾಠವನ್ನು ಎಲ್ಲಿಂದ ಆರಂಭಿಸಬೇಕೆಂದು ಆ ಉತ್ತರಗಳೇ ತೋರಿಸಿದವು. ಈ ಘಟಕ ತೆಗೆದುಕೊಳ್ಳುವ ಸಹಪ್ರಶಿಕ್ಷಣಾರ್ಥಿಗಳು ಆ ‘ಏಕೆ’ಯನ್ನು ಬಿಡದಿರಲಿ.