ಅಳಿಸಿಲ್ಲ, ಪಟ್ಟಿಯಲ್ಲಿಲ್ಲ ಅಷ್ಟೆ



ಹಳೇ ಕಂಪ್ಯೂಟರ್ ಇಟ್ಕೊಂಡು ಸಂಘದ ಕೆಲಸ ಮಾಡೋರು ನಿಮ್ಮಲ್ಲೂ ತುಂಬಾ ಜನ ಇದ್ದೀರಿ. ಅದಕ್ಕೇ ಇದನ್ನ ಬರೀತಿದ್ದೀನಿ.

ನಮ್ಮ ಆಫೀಸಿನ ಕಂಪ್ಯೂಟರಲ್ಲಿ ಇರೋದು ವಿಂಡೋಸ್ 10. ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಈ ಹಳೇ ಯಂತ್ರಕ್ಕೆ ಆಗಲ್ಲ, ಹೊಸದು ಕೊಳ್ಳೋಕೆ ದುಡ್ಡಿಲ್ಲ. ಹೋದ ಶನಿವಾರ ರಾತ್ರಿ, ವಿಂಡೋಸನ್ನ ಹಾಗೇ ಉಳಿಸಿ, ಪಕ್ಕದಲ್ಲಿ ಡೆಬಿಯನ್ ಲಿನಕ್ಸ್ ಹಾಕಿದೆ. ರೀಸ್ಟಾರ್ಟ್ ಮಾಡಿದೆ. ಯಾವುದು ಬೇಕು ಅಂತ ಕೇಳೋ ಮೆನು ಬಂತು. ಅದರಲ್ಲಿ ಡೆಬಿಯನ್ ಮಾತ್ರ. ವಿಂಡೋಸ್ ಹೆಸರೇ ಇಲ್ಲ!

ಕೈಕಾಲು ತಣ್ಣಗಾದವು. ಸೋಮವಾರ ಎಸಿ ಕೋರ್ಟಿನಲ್ಲಿ ನಮ್ಮೂರ ಅಜ್ಜಿಯೊಬ್ಬರ ಜಮೀನಿನ ಕೇಸು, 1978ರ ಪಿಟಿಸಿಎಲ್ ಕಾಯ್ದೆಯಡಿ ಹಾಕಿದ್ದು. ಲಿಖಿತ ವಾದ, ದಾಖಲೆಗಳ ಪಟ್ಟಿ ಎಲ್ಲಾ ಅದರೊಳಗೇ. ಬೇರೆ ಪ್ರತಿ ಇಟ್ಟಿರಲಿಲ್ಲ. ತಪ್ಪು ನನ್ನದೇ.

ಭಾನುವಾರ ಬೆಳಗ್ಗೆ ಅಂಗಡಿಯವನಿಗೆ ತೋರಿಸಿದೆ. "ವಿಂಡೋಸ್ ಹೋಗಿದೆ ಸಾರ್, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕ್ಬಿಡ್ತೀನಿ" ಅಂದ. ಇನ್ನೇನು ಹೂಂ ಅನ್ನೋದರಲ್ಲಿದ್ದೆ. ಯಾಕೋ ಮನಸ್ಸು ಒಪ್ಪದೆ ವಾಪಸ್ ತಂದೆ. ಹಾಸ್ಟೆಲಲ್ಲಿದ್ದು ಬಿಸಿಎ ಓದ್ತಿರೋ ನಮ್ಮ ಹುಡುಗಿಗೆ ಫೋನ್ ಮಾಡಿದೆ. ಬಂದಳು.

ಮೊದಲು ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಬಿಎಲ್‌ಕೆ' ಅಂತ ಟೈಪ್ ಮಾಡಿದಳು. ಡಿಸ್ಕಿನಲ್ಲಿರೋ ಭಾಗಗಳೆಲ್ಲಾ ಬಂದವು. ವಿಂಡೋಸಿನ ಭಾಗ ಇದ್ದ ಹಾಗೇ ಇತ್ತು. "ಅಣ್ಣಾ, ಅಳಿಸಿ ಹೋಗಿಲ್ಲ. ಮೆನುವಿನ ಪಟ್ಟಿಯಲ್ಲಿಲ್ಲ ಅಷ್ಟೆ" ಅಂದಳು. ಲಿನಕ್ಸ್‌ನಿಂದಲೇ ಫೈಲ್ ತೆರೆದರೆ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ನೋಡಿ. ಆ ಫಾಂಟು ಇದ್ದದ್ದು ವಿಂಡೋಸ್‌ನಲ್ಲಿ. ಅದನ್ನೇ ಎಬ್ಬಿಸಬೇಕಿತ್ತು.

ಕಾರಣ ಇಷ್ಟೆ. ಮೆನು ತೋರಿಸೋ ಪ್ರೋಗ್ರಾಂ ಹೆಸರು ಗ್ರಬ್. ಮೊದಲೆಲ್ಲಾ ಡಿಸ್ಕಿನಲ್ಲಿ ಬೇರೆ ಯಾವ ಸಿಸ್ಟಂ ಇದೆ ಅಂತ ಹುಡುಕಿ ಪಟ್ಟಿಗೆ ಸೇರಿಸಿಕೊಳ್ತಿತ್ತು. 2021ರ 2.06 ಆವೃತ್ತಿಯಿಂದ, ಭದ್ರತೆಯ ಕಾರಣಕ್ಕೆ, ತಾನಾಗಿ ಹುಡುಕಲ್ಲ. ನಾವು ಹೇಳಬೇಕು. 'ಇಟಿಸಿ' ಒಳಗೆ 'ಡಿಫಾಲ್ಟ್', ಅದರೊಳಗೆ 'ಗ್ರಬ್' ಅನ್ನೋ ಫೈಲು. ಅದರಲ್ಲಿ 'ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್' ಅನ್ನೋ ಸಾಲು, ಎದುರಿಗೆ 'ಫಾಲ್ಸ್' ಅಂತಿದೆ. ಸಾಲಿನ ಮುಂದಿದ್ದ # ಗುರುತು ಅಳಿಸಿದಳು. ಸೇವ್ ಮಾಡಿ 'ಸುಡೋ ಅಪ್‌ಡೇಟ್-ಗ್ರಬ್' ಕೊಟ್ಟಳು. ವಿಂಡೋಸ್ ಬೂಟ್ ಮ್ಯಾನೇಜರ್ ಸಿಕ್ಕಿತು ಅಂತ ಪರದೆ ಮೇಲೆ ಬಂತು. ರೀಸ್ಟಾರ್ಟ್ ಮಾಡಿದರೆ ಮೆನುವಿನಲ್ಲಿ ಎರಡೂ ಹೆಸರು!

ರಾತ್ರಿಯೇ ಪ್ರಿಂಟ್ ತೆಗೆದೆವು. ಸೋಮವಾರ ಅಜ್ಜಿಯ ಕಡೆ ವಾದ ಸಲ್ಲಿಕೆಯಾಯ್ತು.

ಪಟ್ಟಿಯಲ್ಲಿ ಹೆಸರಿಲ್ಲ, ಹೋಗಿ ಅನ್ನೋ ಮಾತು ಕಚೇರಿ ಕಿಟಕಿಗಳಲ್ಲಿ ನಾವು ಎಷ್ಟು ಸಲ ಕೇಳಿಲ್ಲ? ಅಲ್ಲೆಲ್ಲಾ 'ಮೂಲ ದಾಖಲೆ ತೆಗೀರಿ ಸ್ವಾಮಿ' ಅಂತ ಜಗಳ ಆಡೋನು ನಾನು. ಇಲ್ಲಿ ಒಂದು ಪರದೆ ಇಲ್ಲ ಅಂದಿದ್ದಕ್ಕೆ ತಲೆ ಬಗ್ಗಿಸಿ, ಇದ್ದದ್ದನ್ನೂ ಅಳಿಸೋಕೆ ಕೊಡ್ತಿದ್ದೆ.

ಹೊಸ ಸಿಸ್ಟಂ ಹಾಕೋ ಮುಂಚೆ ಫೈಲುಗಳನ್ನ ಎರಡು ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಹಳೇ ನುಡಿ ಫೈಲುಗಳನ್ನ ಯೂನಿಕೋಡಿಗೆ ಬದಲಾಯಿಸಿ. ನಮ್ಮ ಹುಡುಗಿ ಆ ಕೆಲಸಕ್ಕೆ ಕೂತಿದ್ದಾಳೆ, ನಾನು ಪಕ್ಕದಲ್ಲಿ ಕೂತು ಕಲೀತಿದ್ದೀನಿ.

ಜೈಭೀಮ್.