ಉಪವಾಸದ ಪಾನ

ಈ ಪತ್ರಿಕೆಯ ವಾಚಕರಲ್ಲಿ ಕೆಲವರು ಹಿಂದೆ ನನ್ನೆದುರಿಗೆ ನಿಂತು ಶಬ್ದರೂಪಗಳನ್ನು ಒಪ್ಪಿಸಿದವರಿರಬಹುದು. ಲೇಖನದ ವಿಷಯ ಮದ್ಯವೆಂದು ತಿಳಿದೊಡನೆ ಅವರು “ಮೇಷ್ಟರಿಗೆ ಈ ವಯಸ್ಸಿನಲ್ಲಿ ಇದೇನು ಬಂದಿತು!” ಎಂದು ಹುಬ್ಬೇರಿಸುವರೆಂಬುದನ್ನು ನಾನು ಬಲ್ಲೆನು. ಅವರ ಆಶ್ಚರ್ಯವು ನ್ಯಾಯವಾದುದೇ. ಅರವತ್ತು ವರ್ಷ ದಾಟುವವರೆಗೂ ಆ ಪದಾರ್ಥವನ್ನು ಮುಟ್ಟದೆ ಇದ್ದವನು ನಾನು. ಅದಕ್ಕೆ ಶಾಸ್ತ್ರವು ಒಂದು ಕಾರಣ. ಶಾಸ್ತ್ರಕ್ಕಿಂತಲೂ ಬಲವಾದ ಕಾರಣ ನನ್ನ ಚಿಕ್ಕಪ್ಪ. ಆ ಮಾತನ್ನು ಮುಂದೆ ಹೇಳುವೆನು.

2023ನೆಯ ಇಸವಿಯ ಮಾರ್ಚಿ ತಿಂಗಳಿನಲ್ಲಿ ನಾನೂ ನಮ್ಮ ಮನೆಯಾಕೆಯೂ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮಗನ ಮನೆಯಲ್ಲಿದ್ದೆವು. ಅವನಿಗೂ ನನಗೂ ನಾಲ್ಕು ವರ್ಷಗಳಿಂದ ಮಾತು ಕಡಮೆಯಾಗಿತ್ತು. ಅವನು ಮಿತ್ರರೊಡನೆ ಬೀರು ಕುಡಿಯುತ್ತಿದ್ದ ಚಿತ್ರವೊಂದು ಹೇಗೋ ನನ್ನ ಕಣ್ಣಿಗೆ ಬಿದ್ದು, ನಾನೊಂದು ಕಾಗದವನ್ನು ಬರೆದಿದ್ದೆನು. ಆ ಕಾಗದದಲ್ಲಿ ವ್ಯಾಕರಣದೋಷವೊಂದೂ ಇರಲಿಲ್ಲ; ಮಿಕ್ಕ ದೋಷಗಳೆಲ್ಲವೂ ಇದ್ದವು.

ಹೋದ ಮೂರನೆಯ ದಿನ ಚಳಿಯೆಂದು ಶಾಲನ್ನು ತೆಗೆದುಕೊಳ್ಳಲು ಬಟ್ಟೆಯ ಬೀರುವಿನ ಬಾಗಿಲನ್ನು ತೆಗೆದೆನು. ಕೆಳಗಿನ ಅರೆಯಲ್ಲಿ ಕಂಬಳಿಯ ಹಿಂದೆ ಐದಾರು ಸೀಸೆಗಳಿದ್ದವು. ಒಂದೊಂದರ ಕೊರಳಿಗೂ ಬಿಳಿಯ ಹೋತದ ಪುಟ್ಟ ಗೊಂಬೆಯನ್ನು ಕಟ್ಟಿತ್ತು. ಬೀರುವಿನಲ್ಲಿ ಬೀರು! ನಗು ಬರಬೇಕಾಗಿತ್ತು, ಬರಲಿಲ್ಲ. ಪ್ರಾಯಕ್ಕೆ ಬಂದ ಮಗನು ತನ್ನ ಮನೆಯಲ್ಲಿ, ತನ್ನ ಸಂಪಾದನೆಯಿಂದ ಕೊಂಡ ವಸ್ತುವನ್ನು ಕಳ್ಳಮಾಲಿನಂತೆ ಬಚ್ಚಿಡುವಂತಾದುದು ನನ್ನಿಂದಲ್ಲವೆ ಎಂದು ಮನಸ್ಸು ಕುಗ್ಗಿತು.

ರಾತ್ರಿ ಊಟದ ಹೊತ್ತಿನಲ್ಲಿ “ಆ ಹೋತ ಏತಕ್ಕಪ್ಪ?” ಎಂದು ಕೇಳಿದೆನು. ಮಗನು ಕೆಂಪಾದನು. ತಾಯಿಯ ಮುಖವನ್ನೊಮ್ಮೆ ನೋಡಿ ಆಮೇಲೆ ಹೇಳತೊಡಗಿದನು. ಜರ್ಮನಿಯ ಉತ್ತರದಲ್ಲಿ ಐನ್‌ಬೆಕ್ ಎಂಬ ಊರು. ಅಲ್ಲಿಯ ಬೀರಿಗೆ ಹಿಂದೆ ದೊಡ್ಡ ಹೆಸರು. ಮ್ಯೂನಿಕ್ಕಿನ ದೊರೆಗಳು ಅದನ್ನು ತರಿಸಿ ತರಿಸಿ ಸಾಕಾಗಿ, 1614ರಲ್ಲಿ ಆ ಊರಿನಿಂದ ಬೀರು ಮಾಡುವವನೊಬ್ಬನನ್ನೇ ಕರೆಸಿಕೊಂಡರು. ದಕ್ಷಿಣದವರ ಬಾಯಲ್ಲಿ ಐನ್‌ಬೆಕ್ ಎಂಬುದು ಐನ್‌ಪೊಕ್ ಆಗಿ, ಕಡೆಗೆ ಐನ್ ಬೊಕ್ ಆಯಿತು. ಅವರ ಭಾಷೆಯಲ್ಲಿ ಐನ್ ಎಂದರೆ ಒಂದು, ಬೊಕ್ ಎಂದರೆ ಹೋತ. ಊರು ಹೋಗಿ ಹೋತ ಬಂದಿತು! ಅಪಭ್ರಂಶದಿಂದ ಒಂದು ಪ್ರಾಣಿಯೇ ಹುಟ್ಟಿದ ಈ ಕಥೆಯನ್ನು ಕೇಳಿ ನನಗೆ ಊಟ ಮರೆತುಹೋಯಿತು. ನಾಲ್ಕು ವರ್ಷದ ಮೇಲೆ ನಾವಿಬ್ಬರೂ ಒಂದು ವಿಷಯವನ್ನು ಕುರಿತು ಅರ್ಧ ಗಂಟೆ ಮಾತನಾಡಿದೆವು.

ಬೊಕ್ ಬೀರಿಗಿಂತಲೂ ಗಟ್ಟಿಯಾದುದು ಡೊಪ್ಪೆಲ್‌ಬೊಕ್, ಎಂದರೆ ಇಮ್ಮಡಿ ಬೊಕ್. ಇದು ಮಠದಲ್ಲಿ ಹುಟ್ಟಿದುದು. ಪೌಲಾದ ಫ್ರಾನ್ಸಿಸ್ ಎಂಬ ಸಂತನ ಅನುಯಾಯಿಗಳಾದ ಪೌಲಾನರ್ ಸಂನ್ಯಾಸಿಗಳು ಹದಿನೇಳನೆಯ ಶತಮಾನದಲ್ಲಿ ಮ್ಯೂನಿಕ್ಕಿನಲ್ಲಿ ನೆಲಸಿದ್ದರು. ಅವರ ನಿಯಮ ಕಠಿನವಾದುದು: ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ವರ್ಷದುದ್ದಕ್ಕೂ ನಿಷಿದ್ಧ. ಈಸ್ಟರಿಗೆ ಮುಂಚಿನ ನಲವತ್ತು ದಿನ ಉಪವಾಸ ಬೇರೆ. ಆದರೆ ದ್ರವಪದಾರ್ಥದಿಂದ ಉಪವಾಸಕ್ಕೆ ಭಂಗವಿಲ್ಲವೆಂಬ ವಚನವೊಂದಿತ್ತು. ಆದಕಾರಣ ಅವರು ಧಾನ್ಯವನ್ನು ಹೆಚ್ಚಾಗಿ ಸುರಿದು, ರೊಟ್ಟಿಯ ಸತ್ತ್ವವೆಲ್ಲ ನೀರಿಗಿಳಿಯುವಂತೆ ಬೀರು ಕಾಸಿದರು; ಅದಕ್ಕೆ ದ್ರವರೂಪದ ರೊಟ್ಟಿಯೆಂದೇ ಹೆಸರಾಯಿತು. ಏಕಾದಶಿಯ ದಿನ ಅನ್ನವನ್ನು ಬಿಟ್ಟು ಅವಲಕ್ಕಿ, ಸಬ್ಬಕ್ಕಿ, ಬಾಳೆಹಣ್ಣುಗಳಿಂದ ದಶಮಿಯ ಊಟವನ್ನು ಮೀರಿಸುವ ನಾವು ಆ ಸಂನ್ಯಾಸಿಗಳನ್ನು ನೋಡಿ ನಗುವ ಹಾಗಿಲ್ಲ. ಅವರು ಪೋಪರ ಅನುಮತಿಗಾಗಿ ಒಂದು ಪೀಪಾಯಿಯನ್ನು ರೋಮಿಗೆ ಕಳುಹಿಸಲಾಗಿ, ಅದು ದಾರಿಯ ಬಿಸಿಲಿಗೆ ಹುಳಿತುಹೋಗಿ, ಪೋಪರು ರುಚಿ ನೋಡಿ “ಇದನ್ನು ಕುಡಿಯುವುದೇ ತಪಸ್ಸು” ಎಂದು ಒಪ್ಪಿಗೆ ಕೊಟ್ಟರಂತೆ. ಕಥೆ ಚೆನ್ನಾಗಿದೆ; ಇತಿಹಾಸವೆಂದು ನಾನು ಹೇಳಲಾರೆನು. ಆ ಮಠದ ಬೀರಿಗೆ ಸಾಲ್ವಾಟೋರ್, ಎಂದರೆ ತಾರಕ, ಎಂಬ ಹೆಸರು ನಿಂತಿತು. ಮಿಕ್ಕ ತಯಾರಕರು ಅದೇ ಪ್ರಾಸಕ್ಕೆ ಸೆಲೆಬ್ರಾಟೋರ್, ಮಾಕ್ಸಿಮಾಟೋರ್, ಒಪ್ಟಿಮಾಟೋರ್ ಎಂದು ತಮ್ಮ ತಮ್ಮ ಬೀರುಗಳಿಗೆ ಹೆಸರಿಟ್ಟರು. ಅಂತ್ಯಪ್ರಾಸದ ಚಪಲ ಕವಿಗಳಿಗೆ ಮಾತ್ರವಲ್ಲ.

ಮರುದಿನ ಮಗನು ನೆರೆಮನೆಯ ವೃದ್ಧರೊಬ್ಬರಲ್ಲಿಗೆ ಕರೆದೊಯ್ದನು. ಅವರು ಮನೆಯಲ್ಲಿಯೇ ಬೀರನ್ನು ಕಾಸುವವರು. ನಾನು ಕುಡಿಯುವವನಲ್ಲವೆಂದು ಕೇಳಿ, ಒಂದು ಹಿಡಿ ಕಾಳನ್ನು ನನ್ನ ಅಂಗೈಯಲ್ಲಿ ಹಾಕಿ ಅಗಿಯುವಂತೆ ಸನ್ನೆ ಮಾಡಿದರು. ಅದು ಮಾಲ್ಟು: ಜವೆಗೋಧಿಯನ್ನು ನೆನೆಸಿ, ಮೊಳೆಯಿಸಿ, ಬಿಸಿಗಾಳಿಯಲ್ಲಿ ಒಣಗಿಸಿದ್ದು. ತಿಳಿಬಣ್ಣದ ಬೀರಿಗಾದರೆ ಸುಮಾರು 80 ಡಿಗ್ರಿಯ ಕಾವು ಸಾಕು. ಮ್ಯೂನಿಕ್ಕಿನ ಕಂದು ಬೀರಿನ ಮಾಲ್ಟಿಗೆ ನೂರರ ಸುತ್ತಿನ ಕಾವು ಬೇಕು. ಆ ಕಾವಿನಲ್ಲಿ ಕಾಳಿನ ಸಕ್ಕರೆಯೂ ಸಸಾರಜನಕವೂ ಕೂಡಿ ಬಣ್ಣವನ್ನೂ ಪರಿಮಳವನ್ನೂ ಹುಟ್ಟಿಸುವುವು. ಮಾಯಾರ್ ಎಂಬ ಫ್ರೆಂಚ್ ಪಂಡಿತನು 1912ರಲ್ಲಿ ವಿವರಿಸಿದ ಕ್ರಿಯೆಯಿದು. ದೋಸೆಯ ಅಂಚು ಕೆಂಪಾಗುವುದೂ ಇದರಿಂದಲೇ.

ಅಗಿದೆನು. ತಾಯಿ ನೆನಪಾದಳು. ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ ಬಾಂಡಲೆಯಲ್ಲಿ ಹುರಿದು ಬೀಸುತ್ತಿದ್ದಾಗ ಬೀಸುವಕಲ್ಲಿನ ಸುತ್ತ ಏಳುತ್ತಿದ್ದ ವಾಸನೆಯಿದೆಯಲ್ಲ, ಅದೇ! ಹಿಂದೆಯೇ ಇನ್ನೊಂದು ಮಾತು ನೆನಪಾಯಿತು. ಸೌತ್ರಾಮಣಿ ಯಾಗದ ಸುರೆಗೆ ಶಷ್ಪ, ತೋಕ್ಮ, ಲಾಜ, ನಗ್ನಹು ಎಂಬ ದ್ರವ್ಯಗಳನ್ನು ಹೇಳಿದೆ. ತೋಕ್ಮವೆಂದರೆ ಮೊಳೆತ ಯವ. ಹದಿನಾರನೆಯ ವಯಸ್ಸಿನಲ್ಲಿ ಪಾಠಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿ ಗುರುಗಳಿಂದ ಶಹಬಾಸು ಪಡೆದಿದ್ದೆನು. ಅದು ಕಾಳೆಂದೂ, ಅದಕ್ಕೊಂದು ಘಮವಿದೆಯೆಂದೂ, ಹಲ್ಲಿಗೆ ಗರಿಗರಿಯೆನ್ನುವುದೆಂದೂ ನನಗೆ ಒಂದು ದಿನವೂ ಹೊಳೆದಿರಲಿಲ್ಲ.

“ಅಪ್ಪ, ಆಂಡೆಕ್ಸ್‌ಗೆ ಬರುತ್ತೀರಾ? ಅದು ಕ್ಷೇತ್ರ, ಬೆಟ್ಟದ ಮೇಲಿದೆ” ಎಂದು ಮಗನು ಕೇಳಿದುದು ಆ ಸಂಜೆಯೇ. ನಗರದ ರೈಲು ಹೆರ್ಶಿಂಗ್ ಎಂಬ ಸರೋವರತೀರದ ಊರಿನಲ್ಲಿ ಕೊನೆಗೊಳ್ಳುವುದು. ಅಲ್ಲಿಂದ ತೊರೆಯ ಪಕ್ಕದಲ್ಲಿ ಕಾಡಿನ ಕಣಿವೆಯನ್ನೇರಿ ನಡೆಯಬೇಕು. ಬೆಟ್ಟದ ಮೇಲೆ 1455ರಲ್ಲಿ ಸ್ಥಾಪಿತವಾದ ಬೆನೆಡಿಕ್ಟೀನ್ ಮಠ. ಚಿನ್ನದ ಕೆಲಸದಿಂದ ತುಂಬಿದ ದೇವಾಲಯ. ಅದರಲ್ಲಿ ಯಾತ್ರಿಕರು ಹರಕೆಯಾಗಿ ಅರ್ಪಿಸಿದ ಆಳೆತ್ತರದ ಮೇಣದ ಬತ್ತಿಗಳು. ದೇವರಿಗೆ ಕೈಮುಗಿದು ಹೊರಬಂದರೆ ಮಠದ್ದೇ ಪಾನಶಾಲೆ. ಸುತ್ತಲಿನವರೆಲ್ಲ ಹಂದಿಯ ತೊಡೆಯನ್ನು ಮುಂದಿಟ್ಟುಕೊಂಡಿದ್ದರು. ನನಗೆ ಸುರುಳಿಯಾಗಿ ಕೊಯ್ದು ಉಪ್ಪು ಹಾಕಿದ ಮೂಲಂಗಿಯೂ ಒಂದು ರೊಟ್ಟಿಯೂ ದೊರೆತವು. ಮಗನು ತನಗೆ ಒಂದು ಲೋಟ ಡೊಪ್ಪೆಲ್‌ಬೊಕ್ ತಂದು, ನನ್ನ ಮುಂದೆ ಬರಿಯ ನೀರನ್ನಿಟ್ಟನು. ನಾನು ಅವನ ಲೋಟವನ್ನು ನನ್ನೆಡೆಗೆ ಎಳೆದುಕೊಂಡೆನು.

ಬಣ್ಣ ಹುಣಿಸೆಬೀಜದ್ದು, ಕಿಟಕಿಯ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಮಾಣಿಕ್ಯದ ಕೆಂಪು. ನೊರೆ ಕೆನೆಯ ಹಾಗೆ. ಮೂಗಿಗೆ ಮೊದಲು ಬಂದುದು ರೊಟ್ಟಿಯ ಸುಟ್ಟ ಮೇಲ್ಪದರ, ಆಮೇಲೆ ಜೋನಿಬೆಲ್ಲ, ಅದರ ಹಿಂದೆ ಒಣದ್ರಾಕ್ಷಿ, ಖರ್ಜೂರ. ಸಾರಾಯಿಯ ನಾತವನ್ನು ನಿರೀಕ್ಷಿಸುತ್ತಿದ್ದ ನನ್ನ ಮೂಗು ಬೆಪ್ಪಾಯಿತು. ಒಂದು ಗುಟುಕನ್ನು ನಾಲಗೆಯ ಮೇಲೆ ನಿಲ್ಲಿಸಿದೆನು. ದಪ್ಪನಾದ ಪಾನ, ಸಿಹಿ ಮುಂದಾಗಿ ಬರುವುದು, ಆದರೆ ಪಾಯಸದಂತೆ ಅಂಟುವುದಿಲ್ಲ. ಹಾಪ್ ಎಂಬ ಹೂವಿನ ಕಹಿ ಹಿಂದೆ ನಿಂತು, ಹಾಡುವವನಿಗೆ ಶ್ರುತಿ ಹಿಡಿದವನಂತೆ, ತಾನು ಕಾಣಿಸಿಕೊಳ್ಳದೆ ಸಿಹಿಯನ್ನು ಹತೋಟಿಯಲ್ಲಿಡುವುದು. ನುಂಗಿದ ಮೇಲೆ ಗಂಟಲಿನಲ್ಲಿ ಶುಂಠಿಕಷಾಯದಷ್ಟು ಬಿಸುಪು. ಮದ್ಯಸಾರ ನೂರಕ್ಕೆ 7.1, ಸಾಧಾರಣ ಬೀರಿನಲ್ಲಿ ಐದರ ಸುಮಾರು. ಲೋಟ ತಣ್ಣಗಿದ್ದಾಗ ಮುಚ್ಚಿಕೊಂಡಿದ್ದ ಪರಿಮಳ ಅಂಗೈಯ ಶಾಖಕ್ಕೆ ಒಂದೊಂದಾಗಿ ಬಿಚ್ಚಿಕೊಂಡಿತು. ಇದನ್ನು ಬಾಯಾರಿಕೆಗೆ ಕುಡಿಯುವವನು ಅರಸಿಕನೇ ಸರಿ.

ಇಷ್ಟು ಬಲವಾದ ಪಾನದಲ್ಲಿ ಒರಟುತನವೇಕಿಲ್ಲವೆಂದು ಕೇಳಿದೆನು. ಸಕ್ಕರೆಯನ್ನು ಮದ್ಯವಾಗಿಸುವ ಕಿಣ್ವವು ಇದರಲ್ಲಿ ಹತ್ತು ಡಿಗ್ರಿಯೊಳಗಿನ ಚಳಿಯಲ್ಲಿ ಮೆಲ್ಲಗೆ ಕೆಲಸ ಮಾಡುವುದಂತೆ. ಆಮೇಲೆ ಮಂಜಿನ ಸಮೀಪದ ತಂಪಿನಲ್ಲಿ ವಾರಗಟ್ಟಲೆ, ಕೆಲವೆಡೆ ತಿಂಗಳುಗಟ್ಟಲೆ, ಇಡುವರು. ಹೀಗೆ ದಾಸ್ತಾನಿಡುವುದಕ್ಕೆ ಜರ್ಮನ್ ಭಾಷೆಯಲ್ಲಿರುವ ಮಾತಿನಿಂದಲೇ ಲಾಗರ್ ಎಂಬ ಹೆಸರು ಬಂದಿದೆ. ಉಷ್ಣಮಾಪಕವಿಲ್ಲದ ಕಾಲದಲ್ಲಿ ಹದ ಹೇಗೆ ತಿಳಿಯುತ್ತಿತ್ತು? ನೆನೆಸಿದ ಮಾಲ್ಟಿನ ಒಂದು ಭಾಗವನ್ನು ತೆಗೆದು ಕುದಿಸಿ, ಮತ್ತೆ ಮಿಕ್ಕದ್ದಕ್ಕೆ ಬೆರಸುವರು. ಪ್ರತಿಸಲವೂ ಕಾವು ಅಳತೆಗೆ ಸರಿಯಾಗಿ ಏರುವುದು. ಹಂಡೆಯ ಕುದಿನೀರನ್ನು ತಣ್ಣೀರಿಗೆ ತೋಡಿಕೊಂಡು ಸ್ನಾನ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಗುಟುಕಿನ ಮೇಲೆ ಚಿಕ್ಕಪ್ಪನ ಮಾತು ತಾನಾಗಿ ಬಂದಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನನ್ನು ಸಾರಾಯಿಯಂಗಡಿಯಿಂದ ಕರೆತರಲು ಮನೆಯವರು ನನ್ನನ್ನು ಕಳುಹಿಸುತ್ತಿದ್ದರು. ಹುಡುಗನನ್ನು ಕಂಡರೆ ನಾಚಿಯಾನು ಎಂಬ ಆಸೆ. ಅವನು ನನ್ನ ಹೆಗಲ ಮೇಲೆ ಭಾರ ಹಾಕಿ ಬರುತ್ತಿದ್ದನು. ಎರಡು ಗದ್ದೆ ಹೋದವು. ನಲವತ್ತೊಂದನೆಯ ವಯಸ್ಸಿಗೆ ಅವನೂ ಹೋದನು. ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಂತಾಗ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದವನು. ಆ ಬೀರಿನ ಚಿತ್ರದಲ್ಲಿ ನಾನು ಕಂಡುದು ಮಗನ ಮುಖವನ್ನಲ್ಲ.

ಮಗನು ಬಹಳ ಹೊತ್ತು ಮಾತನಾಡಲಿಲ್ಲ. “ಇದನ್ನು ಕಾಗದದಲ್ಲಿ ಬರೆದಿದ್ದರೆ ಸಾಕಾಗಿತ್ತಲ್ಲ, ಅಪ್ಪ” ಎಂದನು. ಮೂರನೆಯ ಗುಟುಕನ್ನು ನಾನು ತೆಗೆದುಕೊಳ್ಳಲಿಲ್ಲ. ಮಿಕ್ಕದ್ದನ್ನು ಅವನು ನಿಧಾನವಾಗಿ ಕುಡಿದು ಮುಗಿಸಿದನು. ಆ ಮೇಲಿನ ದಿನಗಳಲ್ಲಿ ಅವನು ಸಾಲ್ವಾಟೋರನ್ನೂ ಹೋತದ ಸೀಸೆಯನ್ನೂ ಒಂದೊಂದು ಚಮಚದಷ್ಟು ತೋರಿಸಿದನು. ಸಾಲ್ವಾಟೋರು ಬಣ್ಣದಲ್ಲಿ ಕೆಂಪು, ಬಲದಲ್ಲಿ ಹೆಚ್ಚು. ಹೋತದ್ದು ಹೆಚ್ಚು ಕಡಮೆ ಕಪ್ಪು, ಬಲ ಕಡಮೆ, ಪರಿಮಳ ಗಂಭೀರ. ನನ್ನ ಮತ ಹೋತಕ್ಕೆ. ಯಾರಾದರೂ ಕುಡಿಯಲೆಂದು ಇದನ್ನು ಬರೆಯುತ್ತಿಲ್ಲ; ನಾನೂ ಊರಿಗೆ ಬಂದ ಮೇಲೆ ಮುಟ್ಟಿಲ್ಲ.

ಆಂಡೆಕ್ಸಿನಿಂದ ಬಂದ ಮರುದಿನ ಮಗನು ಸೀಸೆಗಳನ್ನು ಬೀರುವಿನಿಂದ ತೆಗೆದು ಅಡಿಗೆಮನೆಯ ಗೂಡಿನಲ್ಲಿಟ್ಟನು. ನಮ್ಮ ಮನೆಯಾಕೆ ಅದನ್ನು ನೋಡಿ ಏನೂ ಹೇಳಲಿಲ್ಲ. ಊರಿನಿಂದ ತಂದಿದ್ದ ಹುರಿಹಿಟ್ಟಿನ ಡಬ್ಬಿಯನ್ನು ಮಾತ್ರ ಅಲ್ಲಿಂದ ತೆಗೆದು ಮೇಲಿನ ಗೂಡಿನಲ್ಲಿಟ್ಟಳು.